ಡಾ. ಸಲೀಂ ಅಲಿ ಅವರ ಜೀವನ ಪರಿಚಯ: ಹೆಲಿಗೋಲ್ಯಾಂಡ್ ದ್ವೀಪದಿಂದ ರಂಗನತಿಟ್ಟಿನವರೆಗೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿ ನದಿಯ ನಡುವೆ ಇರುವ ತಿಟ್ಟುಗಳ ಸಮೂಹವೇ ರಂಗನತಿಟ್ಟು ಪಕ್ಷಿಧಾಮವಾಗಿರುತ್ತದೆ. ಈ ತಿಟ್ಟುಗಳು 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಲು ಕಾರಣರಾದವರು ಹೆಸರಾಂತ ಪಕ್ಷಿವಿಜ್ಞಾನಿ ದಿವಂಗತ ಡಾ. ಸಲೀಂ ಅಲಿ ಅವರು. ಪಕ್ಷಿಧಾಮಕ್ಕೆ ಭೇಟಿ ನೀಡುವವರ ಹಾಗೂ ಸಂಶೋಧನೆಗೆ ಅನುಮತಿ ಕೋರಿ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ ಅವರ ಜೀವನವನ್ನು ಇಲ್ಲಿ ನಿರೂಪಿಸಲಾಗಿದೆ. ಹಕ್ಕಿಯ ಕಾಲಿಗೆ ಉಂಗುರ ತೊಡಿಸುವ ಕಾರ್ಯದ ಬಗ್ಗೆ ಇಲ್ಲಿ ತುಸು ವಿಸ್ತಾರವಾಗಿಯೇ ಬರೆಯಲಾಗಿದೆ. ಕೆರೆಯಂಗಳದಲ್ಲಿಯೋ ಗದ್ದೆಯ ಬದುವಿನಲ್ಲಿಯೋ ಉಂಗುರವಿರುವ ಹಕ್ಕಿ ದೊರೆತಾಗ ಅದರ ಮಹತ್ವವನ್ನು ಅರಿಯದೆ ಉಂಗುರವನ್ನು ಎಸೆದುಬಿಡುವ ಸಂಭವವಿರುವುದೇ ಇದಕ್ಕೆ ಕಾರಣ.

ಜನನ ಮತ್ತು ಬಾಲ್ಯ

ಸಲೀಂ ಅಲಿ ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಮೊಯಿಜುದ್ದೀನ್, ತಾಯಿ ಜೀನತ್ ಉನ್ನೀಸಾ. ಮಗುವಿಗೆ ಒಂದು ವರ್ಷವಾಗುವಷ್ಟರಲ್ಲಿ ತಂದೆಯೂ, ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಅವರಿಗೆ ಮಕ್ಕಳಿರಲಿಲ್ಲ. ತಬ್ಬಲಿಗಳಾದ ಈ ಮಕ್ಕಳು ಮುಂಬಯಿಯ ಖೇತವಾಡಿಯಲ್ಲಿದ್ದ ಅವರ ಮನೆಯಲ್ಲಿ ಬೆಳೆದರು.

ಮಾವನವರು ಬೇಟೆಯಲ್ಲಿ ಆಸಕ್ತರು. ಬಾಲಕನಿಗೆ ಒಂದು ಆಟದ ಗಾಳಿಕೋವಿ ದೊರೆತಿತ್ತು. ಒಂದು ದಿನ ಅದರಿಂದ ಹೊಡೆದುರುಳಿಸಿದ ಗುಬ್ಬಿಯ ಕತ್ತಿನ ಮೇಲೆ ಹಳದಿ ಕಲೆಯಿದ್ದುದನ್ನು ಕಂಡು ಅದು ಯಾವ ಹಕ್ಕಿಯೆಂದು ಮಾವನನ್ನು ಕೇಳಿದನು. ಅವರಿಗೂ ತಿಳಿಯಲಿಲ್ಲ. ಪರಿಚಯಪತ್ರವೊಂದನ್ನು ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಡಬ್ಲ್ಯು.ಎಸ್. ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಮಿಲ್ಲಾರ್ಡ್ ಅವರು ಹಕ್ಕಿಯನ್ನು ಗುರುತಿಸಿದುದಲ್ಲದೆ, ಸೊಸೈಟಿಯಲ್ಲಿ ಸಂಗ್ರಹಿಸಿಟ್ಟಿದ್ದ ಪಕ್ಷಿಗಳ ಚರ್ಮಗಳನ್ನು ತೋರಿಸಿ, ಓದಲು ಪುಸ್ತಕಗಳನ್ನು ನೀಡಿ, ಹಕ್ಕಿಯ ಚರ್ಮವನ್ನು ಹದಮಾಡಿ ಕಾಪಿಡುವ ವಿದ್ಯೆಯನ್ನು ಕಲಿಸಲು ಏರ್ಪಾಡು ಮಾಡಿದರು. ಕಛೇರಿಯ ಮೆಟ್ಟಿಲೇರಿ ಬಂದ ಅಪರಿಚಿತ ಹುಡುಗನೊಬ್ಬನಿಗೆ ಅಧಿಕಾರಿಯೊಬ್ಬರು ಇಷ್ಟು ವೇಳೆ ನೀಡಿದರೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬಹುದು.

ಕಾಲೇಜು ಶಿಕ್ಷಣವು ನೇರವಾಗಿ ಸಾಗಲಿಲ್ಲ. ಬರ್ಮಾ ದೇಶದ ತವಾಯ್ ಎಂಬಲ್ಲಿ ಸಹೋದರನ ಗಣಿ ವ್ಯವಹಾರದಲ್ಲಿ ನೆರವಾಗಲು ತೆರಳಿದರು. ಹಿಂದಿರುಗಿ ಮುಂಬಯಿಯಲ್ಲಿ ವಾಣಿಜ್ಯ ಹಾಗೂ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. 1918ರಲ್ಲಿ ತಹಮೀನಾ ಅವರೊಡನೆ ವಿವಾಹವಾಯಿತು. ವಿಶ್ವವಿದ್ಯಾನಿಲಯದ ಪದವಿ ಇಲ್ಲದ ಕಾರಣ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಹುದ್ದೆಯು ಅವರಿಗೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ನೇಮಕಗೊಂಡರು. ಕೆಲವು ವರ್ಷಗಳ ನಂತರ ರಜೆ ಪಡೆದು, ಪಕ್ಷಿವಿಜ್ಞಾನವನ್ನು ಕ್ರಮಬದ್ಧವಾಗಿ ಕಲಿಯುವ ಸಲುವಾಗಿ ಜರ್ಮನಿಗೆ ಪ್ರಯಾಣ ಬೆಳೆಸಿದರು. ಬರ್ಲಿನ್ ನಗರದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಪ್ರೊ. ಎರ್ವಿನ್ ಸ್ಟ್ರೆಸೆಮನ್ ಅವರು ಗುರುಗಳಾಗಿ ದೊರೆತರು.

ಹೆಲಿಗೋಲ್ಯಾಂಡ್ ದ್ವೀಪ

ಜರ್ಮನಿಯಲ್ಲಿದ್ದ ಅವಧಿಯಲ್ಲಿಯೇ ಸಲೀಂ ಅಲಿ ಅವರು ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪದಲ್ಲಿನ ಪಕ್ಷಿ ವೀಕ್ಷಣಾಲಯದಲ್ಲಿ ಉಂಗುರ ತೊಡಿಸುವ ಕಾರ್ಯದ ಅನುಭವ ಪಡೆದರು. ಕೆಂಪು ಬಂಡೆಯ ಈ ಪುಟ್ಟ ದ್ವೀಪವು ಕರಾವಳಿಯಿಂದ ಸುಮಾರು 50 ಕಿ.ಮೀ. ದೂರದಲ್ಲಿದ್ದು, ಮುಖ್ಯ ಭಾಗದ ವಿಸ್ತೀರ್ಣ ಸುಮಾರು ಒಂದು ಚದರ ಕಿ.ಮೀ. ಮಾತ್ರ. ಶರತ್ಕಾಲ ಮುಗಿಯುತ್ತ ಬಂದಂತೆ ಉತ್ತರ ಯೂರೋಪಿನಿಂದ ದಕ್ಷಿಣಕ್ಕೆ ಹೊರಡುವ ಹಕ್ಕಿಗಳಿಗೆ ನಡುಗಡಲಿನಲ್ಲಿ ಕಾಲೂರಲು ಸಿಗುವ ನೆಲ ಇದೊಂದೇ. ಮೋಡ ಮುಚ್ಚಿದ ಕಗ್ಗತ್ತಲ ರಾತ್ರಿಗಳಲ್ಲಿ ದೀಪಸ್ತಂಭದ ಬೆಳಕಿಗೆ ಮರುಳಾಗಿ ಅವು ಗುಂಪುಗುಂಪಾಗಿ ಇಳಿಯುತ್ತಿದ್ದವು.

ಈ ದ್ವೀಪದ ನಿವಾಸಿಗಳು ಬಹುಕಾಲದಿಂದ ಸಿಳ್ಳಾರ ಜಾತಿಯ ಹಕ್ಕಿಗಳನ್ನು ಆಹಾರಕ್ಕಾಗಿ ಹಿಡಿಯುತ್ತಿದ್ದರು. ಮರಗಳಿಲ್ಲದ ಬಯಲಿನಲ್ಲಿ ಕೊಂಬೆಗಳನ್ನು ನೆಟ್ಟು ಪೊದೆಯಂತೆ ಮಾಡಿ, ದಣಿದ ಹಕ್ಕಿಗಳು ಅದರೊಳಗೆ ನುಸುಳಿದಾಗ ಬಲೆಗೆ ಅಟ್ಟುವುದು ಅವರ ಪದ್ಧತಿ. 1910ರಲ್ಲಿ ವೀಕ್ಷಣಾಲಯವನ್ನು ಆರಂಭಿಸಿದ ಹ್ಯೂಗೊ ವೈಗೋಲ್ಡ್ ಅವರು ಅದೇ ಉಪಾಯವನ್ನು ಬೇರೊಂದು ಉದ್ದೇಶಕ್ಕೆ ಬಳಸಿದರು. ಪೊದೆಗಳ ಮೇಲೆ ತಂತಿಬಲೆಯನ್ನು ಆಲಿಕೆಯಂತೆ ಹರಡಿ, ಅಗಲವಾದ ಬಾಯಿಯಿಂದ ಒಳಹೊಕ್ಕ ಹಕ್ಕಿಯು ಕ್ರಮೇಣ ಕಿರಿದಾಗುವ ದಾರಿಯಲ್ಲಿ ಸಾಗಿ ತುದಿಯ ಪೆಟ್ಟಿಗೆಯನ್ನು ಸೇರುವಂತೆ ಮಾಡಿದರು. ಹಕ್ಕಿಯನ್ನು ಮೆಲ್ಲನೆ ಕೈಗೆ ತೆಗೆದುಕೊಂಡು, ಸಂಖ್ಯೆ ಹಾಗೂ ಸಂಸ್ಥೆಯ ಹೆಸರನ್ನು ಕೆತ್ತಿದ ಹಗುರವಾದ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ, ರೆಕ್ಕೆಯ ಅಳತೆ ಮತ್ತು ತೂಕವನ್ನು ದಾಖಲಿಸಿ ಹಾರಿಬಿಡಲಾಗುತ್ತಿತ್ತು. ಇಂತಹ ಬಲೆಗೆ ಇಂದಿಗೂ ಜಗತ್ತಿನೆಲ್ಲೆಡೆ ಆ ದ್ವೀಪದ ಹೆಸರೇ ಇದೆ. ಎರಡನೆಯ ಮಹಾಯುದ್ಧದಲ್ಲಿ ದ್ವೀಪವು ಬಾಂಬ್ ದಾಳಿಗೆ ತುತ್ತಾಗಿ ನಿರ್ಜನವಾಯಿತು. 1952ರಲ್ಲಿ ಅದನ್ನು ಜರ್ಮನಿಗೆ ಹಿಂದಿರುಗಿಸಿದ ಬಳಿಕ ಈ ಕೆಲಸವು ಪುನಃ ಪ್ರಾರಂಭವಾಯಿತು.

ಉಂಗುರ ತೊಡಿಸುವ ಕ್ರಮವನ್ನು ವೈಜ್ಞಾನಿಕವಾಗಿ ಮೊದಲು ಆರಂಭಿಸಿದವರು ಡೆನ್ಮಾರ್ಕಿನ ಶಾಲಾ ಶಿಕ್ಷಕರಾದ ಹನ್ಸ್ ಕ್ರಿಶ್ಚಿಯನ್ ಮೋರ್ಟೆನ್ಸನ್, 1899ರಲ್ಲಿ. ಭಾರತದಲ್ಲಿ 1920ರ ದಶಕದ ಉತ್ತರಾರ್ಧದಲ್ಲಿ ಧಾರ್ ಸಂಸ್ಥಾನದ ಮಹಾರಾಜರ ನೆರವಿನಿಂದ ಸೊಸೈಟಿಯು ಅಲ್ಪ ಪ್ರಮಾಣದಲ್ಲಿ ಈ ಕಾರ್ಯ ಕೈಗೊಂಡಿತ್ತು. ಹೆಲಿಗೋಲ್ಯಾಂಡ್‌ನಲ್ಲಿ ಕಂಡದ್ದನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಲು ಸಲೀಂ ಅಲಿ ಅವರು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ಮೈಸೂರು ಸಂಸ್ಥಾನದ ಸಮೀಕ್ಷೆ ಮತ್ತು ರಂಗನತಿಟ್ಟು

1930ರಲ್ಲಿ ಸ್ವದೇಶಕ್ಕೆ ಮರಳಿದಾಗ ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು. ಮುಂಬಯಿಯ ಸಮೀಪದ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ತೆರಳಿ ಅಲ್ಲಿ ಗೀಜಗ ಹಕ್ಕಿಯ ಗೂಡು ಮತ್ತು ಸಂಸಾರವನ್ನು ತಿಂಗಳುಗಟ್ಟಲೆ ಗಮನಿಸಿದರು. ಆ ಅಧ್ಯಯನವೇ ಅವರಿಗೆ ಹೆಸರು ತಂದಿತು. ತರುವಾಯ ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಮೊದಲಾದ ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ನಡೆಸಿದರು. ಸಂಸ್ಥಾನಗಳು ಪ್ರವಾಸದ ವೆಚ್ಚ ಭರಿಸಿದರೆ ಸಾಕು, ಬೇರೆ ಸಂಬಳ ಬೇಡವೆಂಬುದು ಅವರ ನಿಲುವಾಗಿತ್ತು. ಬಿಡಾರದ ವ್ಯವಸ್ಥೆಯನ್ನು ತಹಮೀನಾ ಅವರು ನೋಡಿಕೊಳ್ಳುತ್ತಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ಅವರು ಅಕಾಲಿಕವಾಗಿ ನಿಧನ ಹೊಂದಿದರು. ಸಲೀಂ ಅಲಿ ಅವರು ಮತ್ತೆ ವಿವಾಹವಾಗಲಿಲ್ಲ.

ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯು 1939-40ರಲ್ಲಿ ನಡೆಯಿತು. ಅದರ ವರದಿಯು ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಂದಿಗೆ 1942-43ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಗಳಾಗಿ ಪ್ರಕಟವಾಯಿತು. ಈ ಸಂದರ್ಭದಲ್ಲಿ ಶ್ರೀರಂಗಪಟ್ಟಣದ ಬಳಿಯ ತಿಟ್ಟುಗಳ ಮೇಲೆ ನೀರಹಕ್ಕಿಗಳು ಗುಂಪಾಗಿ ಗೂಡುಕಟ್ಟಿರುವುದನ್ನು ಅವರು ಕಂಡರು. ಈ ತಿಟ್ಟುಗಳು ರೂಪುಗೊಂಡ ಬಗೆಯೂ ಕುತೂಹಲಕರವಾದುದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನೀರಾವರಿಗಾಗಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಲಾಯಿತು. ನೀರು ನಿಂತು ಹರಡಿದಾಗ ಎತ್ತರದ ಭಾಗಗಳು ತಿಟ್ಟುಗಳಾಗಿ ಉಳಿದವು. ಸುತ್ತ ನೀರಿರುವುದರಿಂದ ನೆಲದ ಶತ್ರುಗಳು ಗೂಡನ್ನು ತಲುಪಲಾರವು. ರೈತನ ಗದ್ದೆಗಾಗಿ ಕಟ್ಟಿದ ಒಡ್ಡು ಹೀಗೆ ಬಾಯ್ಕಳಕ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆಗಳಿಗೂ ಆಸರೆಯಾಯಿತು.

ಈ ತಾಣವನ್ನು ರಕ್ಷಿಸಬೇಕೆಂದು ಸಲೀಂ ಅಲಿ ಅವರು ಮೈಸೂರಿನ ಒಡೆಯರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಪಕ್ಷಿಧಾಮದ ಘೋಷಣೆಯಾಯಿತು. ವನ್ಯಜೀವಿಗಳ ರಕ್ಷಣೆಗಾಗಿ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 1972ರಲ್ಲಿ ಎಂಬುದನ್ನು ನೆನೆದರೆ, ಕೆಲವೇ ಎಕರೆಗಳ ನಡುಗಡ್ಡೆಗಳಿಗೆ ಆಗಲೇ ದೊರೆತ ಈ ಕಾವಲಿನ ಬೆಲೆ ತಿಳಿಯುತ್ತದೆ. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸರ್ ತಾಣವಾಗಿ ಮಾನ್ಯತೆ ಪಡೆಯಿತು. ಆದರೂ ಆತಂಕ ಪೂರ್ಣವಾಗಿ ತೊಲಗಿಲ್ಲ. ಮುಂಗಾರಿನಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ತಗ್ಗಿನ ಗೂಡುಗಳು ಮುಳುಗುತ್ತವೆ, ತಿಟ್ಟುಗಳ ಅಂಚು ಕೊಚ್ಚಿಹೋಗುತ್ತದೆ. ಅಂತಹ ದಿನಗಳಲ್ಲಿ ದೋಣಿವಿಹಾರವನ್ನು ಸ್ಥಗಿತಗೊಳಿಸಲಾಗುತ್ತದೆ.

ಮಂಗನ ಕಾಯಿಲೆ ಮತ್ತು ಉಂಗುರದ ಯೋಜನೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಕಾಡಂಚಿನ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗಾಣುವನ್ನು ಬೇರ್ಪಡಿಸಿದಾಗ, ಅದು ರಷ್ಯಾ ದೇಶದಲ್ಲಿ ಉಣ್ಣೆಗಳಿಂದ ಹರಡುವ ಮಿದುಳಿನ ಉರಿಯೂತದ ವೈರಾಣುವಿಗೆ ಹತ್ತಿರದ ಸಂಬಂಧ ಹೊಂದಿರುವುದು ತಿಳಿದುಬಂದಿತು. ಸಾವಿರಾರು ಮೈಲಿ ಅಂತರದ ಎರಡು ಪ್ರದೇಶಗಳ ರೋಗಗಳಿಗೆ ಈ ನಂಟು ಹೇಗೆ ಬಂದಿತು? ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಬರುವ ವಲಸೆ ಹಕ್ಕಿಗಳ ಮೈಗಂಟಿದ ಉಣ್ಣೆಗಳೇ ಕಾರಣವಿರಬಹುದೆಂಬ ಶಂಕೆ ಮೂಡಿತು.

ಶಂಕೆಯನ್ನು ಪರಿಶೀಲಿಸಬೇಕಾದರೆ ಹಕ್ಕಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆಂದು ಮೊದಲು ತಿಳಿಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸೊಸೈಟಿಯು ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಪಕ್ಷಿ ವಲಸೆಯ ಯೋಜನೆಯನ್ನು ಆರಂಭಿಸಿತು. ಮಲೆನಾಡಿನ ಒಂದು ಹಳ್ಳಿಯ ಕಷ್ಟದಿಂದಾಗಿ, ಅವರು ದೀರ್ಘಕಾಲ ಬಯಸಿದ್ದ ಕೆಲಸಕ್ಕೆ ಹಣ ಒದಗಿತು. ರಾಜಸ್ಥಾನದ ಭರತಪುರ, ತಮಿಳುನಾಡಿನ ಕೋಡಿಕ್ಕರೈ ಮೊದಲಾದೆಡೆ ಶಿಬಿರಗಳು ನಡೆದವು. ಕೋಡಿಕ್ಕರೈ ಕಾವೇರಿ ಮುಖಜ ಭೂಮಿಯ ದಕ್ಷಿಣದ ಅಂಚಿನಲ್ಲಿರುವ ಕಡಲ ಚಾಚು. ನಮ್ಮ ತಿಟ್ಟುಗಳನ್ನು ಬಳಸಿ ಹರಿದ ಹೊಳೆಯೇ ಕೊನೆಗೆ ಆ ಸೀಮೆಯನ್ನು ಸೇರುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಅಲ್ಲಿನ ಉಪ್ಪುನೀರಿನ ಹಿನ್ನೀರಿಗೆ ಗದ್ದೆಗೊರವ ಮೊದಲಾದ ದಡದ ಹಕ್ಕಿಗಳು ದೂರದ ಉತ್ತರದಿಂದ ಬಂದಿಳಿಯುತ್ತವೆ.

ಹಕ್ಕಿ ಹಿಡಿಯುವ ಕೆಲಸಕ್ಕೆ ಬಿಹಾರದ ಮೀರ್ ಶಿಕಾರಿ ಸಮುದಾಯದ ಕುಶಲಿಗಳನ್ನು ನೇಮಿಸಿಕೊಳ್ಳಲಾಯಿತು. ತಲೆತಲಾಂತರದಿಂದ ಮಾರಾಟಕ್ಕಾಗಿ ಹಕ್ಕಿ ಹಿಡಿಯುತ್ತಿದ್ದ ಈ ಜನರಿಗೆ ಹಕ್ಕಿಯ ಗರಿಯೂ ಮುಕ್ಕಾಗದಂತೆ ಬಲೆ, ಕಣ್ಣಿಗಳನ್ನು ಹೂಡುವುದು ಗೊತ್ತಿತ್ತು. ಹೆಲಿಗೋಲ್ಯಾಂಡ್‌ನಲ್ಲಿ ಅಡುಗೆಮನೆಯ ಬಲೆಯು ವಿಜ್ಞಾನದ ಬಲೆಯಾದಂತೆಯೇ ಇಲ್ಲಿಯೂ ನಡೆಯಿತು.

1960ರ ದಶಕದಲ್ಲಿ ಈ ಕಾರ್ಯಕ್ಕೆ ಅಮೆರಿಕದ ಸೇನೆಗೆ ಸಂಬಂಧಿಸಿದ ಸಂಶೋಧನಾ ಯೋಜನೆಯೊಂದರಿಂದ ಧನಸಹಾಯ ಬಂದುದು ಮುಂದೆ ವಿವಾದಕ್ಕೆ ಎಡೆಯಾಯಿತು. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧತಂತ್ರಕ್ಕೆ ಇದು ನೆರವಾಗಬಹುದೆಂದು 1970ರ ದಶಕದಲ್ಲಿ ಆಕ್ಷೇಪಣೆಗಳು ಕೇಳಿಬಂದವು. ಸಲೀಂ ಅಲಿ ಅವರು ಅವನ್ನು ನಿರಾಕರಿಸಿದರು. ಹಣದ ಮೂಲದ ಬಗ್ಗೆ ಪ್ರಶ್ನೆ ಕೇಳಿದ್ದು ತಪ್ಪೆಂದು ಹೇಳಲಾಗದು. ಆದರೆ ದೇಶಕ್ಕೆ ಬರುವ ಹಕ್ಕಿಗಳ ದಾರಿಯ ಬಗ್ಗೆ ಮೊದಲ ದೊಡ್ಡ ದಾಖಲೆ ಸಿದ್ಧವಾದುದು ಆ ವರ್ಷಗಳಲ್ಲಿಯೇ. ಮಂಗನ ಕಾಯಿಲೆಯನ್ನು ವಲಸೆ ಹಕ್ಕಿಗಳೇ ತಂದವೆಂಬುದಕ್ಕೆ ಆಧಾರ ದೊರೆಯಲಿಲ್ಲ.

ಕೊನೆಯ ವರ್ಷಗಳು

1941ರಲ್ಲಿ ಪ್ರಕಟವಾದ ಭಾರತೀಯ ಪಕ್ಷಿಗಳ ಪುಸ್ತಕವು ಅವರನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿತು. ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿಯು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರಬಂದಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು; ಅದೇ ವರ್ಷ ಅವರ ಆತ್ಮಕಥೆ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೂ ಬಾಲ್ಯದಲ್ಲಿ ಉರುಳಿದ ಆ ಗುಬ್ಬಿಯೇ ಇದೆ. ದೀರ್ಘಕಾಲದ ಅನಾರೋಗ್ಯದ ಬಳಿಕ 1987ರ ಜೂನ್ 20ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

ಸಾರ್ವಜನಿಕರ ಗಮನಕ್ಕೆ

ಕಾರ್ತಿಕ ಮಾಸದ ಹೊತ್ತಿಗೆ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಹಾಗೂ ಕೃಷ್ಣರಾಜಪೇಟೆ ತಾಲ್ಲೂಕುಗಳ ಕೆರೆಗಳಿಗೆ ವಲಸೆ ಬಾತುಗಳು ಬರಲಾರಂಭಿಸುತ್ತವೆ. ನೆರೆಯ ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ, ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕಂಡುಬಂದಿವೆ. ಮಾಕವಳ್ಳಿಯ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರಿಗಾಗಲಿ, ಕೆರೆಯಲ್ಲಿ ಬಲೆ ಬೀಸುವ ಮೀನುಗಾರರಿಗಾಗಲಿ ಉಂಗುರ ಅಥವಾ ಕೊರಳಪಟ್ಟಿ ಇರುವ ಹಕ್ಕಿ ಕಂಡಲ್ಲಿ, ಅದರ ಮೇಲಿನ ಅಕ್ಷರ ಮತ್ತು ಸಂಖ್ಯೆ, ದಿನಾಂಕ, ಸ್ಥಳ ಹಾಗೂ ಹಕ್ಕಿ ಜೀವಂತವಾಗಿದೆಯೇ ಎಂಬ ವಿವರವನ್ನು ಬರೆದುಕೊಂಡು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಅಥವಾ ಮುಂಬಯಿಯ ಸೊಸೈಟಿಗೆ ತಿಳಿಸಬಹುದು. ಸಾಧ್ಯವಿದ್ದಲ್ಲಿ ಛಾಯಾಚಿತ್ರ ತೆಗೆಯುವುದು ಉತ್ತಮ. ಜೀವಂತ ಹಕ್ಕಿಯ ಉಂಗುರವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಹಕ್ಕಿ ಸತ್ತಿದ್ದರೂ ಮಾಹಿತಿ ನೀಡಲು ಹಿಂಜರಿಯಬೇಕಾಗಿಲ್ಲ. ಉಂಗುರ ತೊಡಿಸಿದವರಿಗೆ ಆ ಹಕ್ಕಿ ಎಲ್ಲಿಯವರೆಗೆ ಬಂದಿತೆಂದು ತಿಳಿಯುವುದು ಅದರಿಂದಲೇ.

ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸಲು ಇಚ್ಛಿಸುವವರು ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರ ಪ್ರಕರಣ 12ರ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.