ಹನಿಯಿಂದ ಕಿಡಿ ತೆಗೆದ ಕೆಲ್ವಿನ್

ಉಷ್ಣತೆಯ ಪಾಠದಲ್ಲಿ ನಾವು ಓದುವ ಕೆಲ್ವಿನ್ ಎಂಬುದು ವಿಲಿಯಂ ಥಾಮ್ಸನ್ ಅವರಿಗೆ 1892ರಲ್ಲಿ ದೊರೆತ ಬಿರುದು. 1824ರಲ್ಲಿ ಬೆಲ್‌ಫಾಸ್ಟಿನಲ್ಲಿ ಜನಿಸಿದ ಅವರು 22ನೆಯ ವಯಸ್ಸಿಗೇ ಗ್ಲಾಸ್ಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿ 1858ರಲ್ಲಿ ಕೆಲವೇ ವಾರಗಳಲ್ಲಿ ಕೆಟ್ಟಾಗ ಅವರು ಎದೆಗುಂದಲಿಲ್ಲ. 1866ರಲ್ಲಿ ಆ ಕೆಲಸ ಗೆದ್ದಿತು.

ಆದರೆ ನಮ್ಮನ್ನು ಬೆರಗುಗೊಳಿಸಿದ್ದು ಅವರ 1867ರ ಸಣ್ಣ ಸಾಧನ. ಎರಡು ನಳಿಕೆಗಳ ನೀರು ಎರಡು ಲೋಹದ ಬಳೆಗಳೊಳಗಿಂದ ಹನಿಹನಿಯಾಗಿ ಎರಡು ಪಾತ್ರೆಗಳಿಗೆ ಬೀಳುತ್ತದೆ. ಒಂದೊಂದು ಬಳೆಗೂ ಆಚೆ ಬದಿಯ ಪಾತ್ರೆಗೂ ತಂತಿಯ ನಂಟು. ಮೊದಲಿದ್ದ ಎಳ್ಳಷ್ಟು ವಿದ್ಯುತ್ತು ಹನಿಯಿಂದ ಹನಿಗೆ ಬೆಳೆದು ಕೊನೆಗೆ ಕಿಡಿ ಸಿಡಿಯುತ್ತದೆ! ಬ್ಯಾಟರಿಯೇ ಬೇಡ. ಗಾಳಿ ಮಾತ್ರ ಒಣಗಿರಬೇಕು. ಮಳೆಗಾಲದಲ್ಲಿ ಮಾಡಹೊರಟರೆ ನಿರಾಸೆಯೇ.

1907ರಲ್ಲಿ ಕೆಲ್ವಿನ್ ತೀರಿಕೊಂಡರು. ಬೀಳುವ ಹನಿಯಿಂದಲೇ ವಿದ್ಯುತ್ ಪಡೆದು, ಬ್ಯಾಟರಿಯಿಲ್ಲದೆ ಮಳೆ, ಸೋರಿಕೆಗಳ ಸುಳಿವು ಕೊಡುವ ಸಂವೇದಕಗಳನ್ನು ವಿಜ್ಞಾನಿಗಳು ಇಂದು ಪ್ರಯೋಗಶಾಲೆಗಳಲ್ಲಿ ರೂಪಿಸುತ್ತಿದ್ದಾರೆ.