ಗಣಿತಜ್ಞ ಮಹಾವೀರಾಚಾರ್ಯರು

ಗಣಿತವೆಂದೊಡನೆ ನಮ್ಮ ಕಲಾವಿಭಾಗದ ಮಿತ್ರರಲ್ಲಿ ಹಲವರು ದೂರ ಸರಿಯುತ್ತಾರೆ. ಅದು ಎಲ್ಲಿಂದಲೋ ಬಂದ ವಿದ್ಯೆ, ದೊಡ್ಡ ಪಟ್ಟಣದವರ ಸೊತ್ತು ಎಂಬ ಭಾವನೆ ನಮ್ಮ ಸುರಪುರ ಸೀಮೆಯಲ್ಲಿ ಬೇರೂರಿದೆ. ಕಕ್ಕೇರಾದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಆ ಭಾವನೆಯ ಭಾರವನ್ನು ನಾನು ಚೆನ್ನಾಗಿ ಬಲ್ಲೆ. ಅದನ್ನು ಇಳಿಸಬಲ್ಲ ಒಬ್ಬ ಮಹನೀಯರ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದವರು, ಜೈನ ವಿದ್ವಾಂಸರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ನೃಪತುಂಗನೆಂದರೆ ನಮಗೆ 'ಕವಿರಾಜಮಾರ್ಗ' ನೆನಪಾಗುತ್ತದೆ. ಈ ಗಣಿತಗ್ರಂಥವೂ ಅದೇ ಕಾಲದ ಫಲ. ಆ ಅರಸನ ರಾಜಧಾನಿ ಮಾನ್ಯಖೇಟವೇ ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡ.

ಗ್ರಂಥದ ಆರಂಭದಲ್ಲಿ ಆಚಾರ್ಯರು ಅರಸನನ್ನು ಹೊಗಳಿ, ತಾವು ಹಿಂದಿನವರ ವಿದ್ಯಾಸಾಗರದಿಂದ ಕೆಲವು ರತ್ನಗಳನ್ನಷ್ಟೇ ಆಯ್ದುಕೊಂಡುದಾಗಿ ವಿನಯದಿಂದ ಹೇಳುತ್ತಾರೆ. ಅಡಿಗೆ, ಸಂಗೀತ, ವೈದ್ಯ, ಮನೆ ಕಟ್ಟುವುದು, ವ್ಯಾಪಾರ, ಎಲ್ಲಕ್ಕೂ ಗಣಿತ ಬೇಕೆಂಬುದು ಅವರ ಮತ. ಜ್ಯೋತಿಷದ ಅಂಗವಾಗಿ ಬೆಳೆದಿದ್ದ ಗಣಿತಕ್ಕೆ ಅವರು ಪ್ರತ್ಯೇಕ ಗ್ರಂಥವನ್ನೇ ಮೀಸಲಿಟ್ಟರು.

ಅವರಿಗೆ ಸಂಖ್ಯೆಗಳು ಒಡವೆಗಳೂ ಆಗಿದ್ದುವು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದರು. 139ನ್ನು 109ರಿಂದ ಗುಣಿಸಿದರೆ 15151 ಬರುತ್ತದೆ. ಇಂಥವುಗಳಲ್ಲಿ ಅತಿ ಸುಂದರವಾದುದು 12345654321. ಒಂದರಿಂದ ಆರರವರೆಗೆ ಏರಿ, ಕ್ರಮವಾಗಿ ಇಳಿಯುವ ಸಂಖ್ಯೆ. ನಮ್ಮ ಎಣಿಕೆಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಇದು 111111ರ ವರ್ಗ. 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದುದರಿಂದ ನಮ್ಮ ಹಾರವನ್ನು ಇವುಗಳಲ್ಲಿ ಯಾವುದರಿಂದ ಎರಡು ಸಲ ಭಾಗಿಸಿದರೂ ಶೇಷವುಳಿಯದು. 27994681ನ್ನು 441ರಿಂದ ಗುಣಿಸಿದರೂ ಇದೇ ಹಾರ ಬರುತ್ತದೆ. ಅಂಕಿಗಳನ್ನು ಕೂಡಿದರೆ 36. ಅದೂ ಆರರ ವರ್ಗವೇ!

ಆಚಾರ್ಯರು ಹೇಳಿದುದೆಲ್ಲವೂ ಇಂದು ನಿಲ್ಲುವುದಿಲ್ಲ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅವರು ಬರೆದರು; ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಗಣಿತದ ನಿಲುವು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಮಾತ್ರ ಅವರು ಅಂದೇ ಸ್ಪಷ್ಟವಾಗಿ ಗುರುತಿಸಿದ್ದರು.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರ ಕಣ್ಣು ಇತ್ತ ಹೊರಳಿತು.

ಕಾಗಿಣಾ ತೀರದ ಅರಸನ ಕಾಲದಲ್ಲಿ ಇಂಥ ವಿದ್ಯೆ ಬೆಳೆದಿತ್ತೆಂದ ಮೇಲೆ, ಗಣಿತವು ನಮಗೆ ಪರಕೀಯವೆನ್ನುವುದು ಹೇಗೆ? ಬರಿಯ ಹೆಮ್ಮೆಯಿಂದ ಆ ವಿದ್ಯೆ ನಮ್ಮದಾಗದು, ದುಡಿಯಬೇಕು. ಮಿತ್ರರೇ, ಬಿಡುವಾದಾಗ ಒಂದು ಹಾಳೆಯ ಮೇಲೆ 111111ನ್ನು ಅದರಿಂದಲೇ ಗುಣಿಸಿ ನೋಡಿರಿ. ಹಾರವು ನಿಮ್ಮ ಕೈಯಲ್ಲೇ ಪೋಣಿಸಿಕೊಳ್ಳುತ್ತದೆ.