ಪೈಲ್ವಾನ ಖಳನಾಯಕ ಎಂ.ಪಿ. ಶಂಕರ್

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆದರೆ ಒಬ್ಬ ಪೈಲ್ವಾನರು ಜನರಿಂದ ಬೈಸಿಕೊಂಡೇ ಹೆಸರುವಾಸಿಯಾದರು. ಅವರೇ ಎಂ.ಪಿ. ಶಂಕರ್. ಅವರ ಜೀವನವನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ಶಂಕರ್ ಅವರು 1935ರಲ್ಲಿ ಜನಿಸಿದರು. ಅವರ ಊರು ಮೈಸೂರು. ಅದು ಮೊದಲಿನಿಂದಲೂ ಗರಡಿಮನೆಗಳ ಊರು. ದಸರಾ ಬಂದರೆ ಅಲ್ಲಿ ಕುಸ್ತಿಗಳು ನಡೆಯುತ್ತವೆ. ಶಂಕರ್ ಅವರು ಗರಡಿ ಮಣ್ಣಿನಲ್ಲಿ ಸಾಮು ಮಾಡಿ ಕುಸ್ತಿಪಟುವಾದರು. ಆಮೇಲೆ 1962ರಲ್ಲಿ ರತ್ನಮಂಜರಿ ಎಂಬ ಚಿತ್ರದಿಂದ ಸಿನಿಮಾಕ್ಕೆ ಬಂದರು. ಅಂಥ ಮೈಕಟ್ಟು ಇದ್ದವರಿಗೆ ಸಿನಿಮಾದಾಗ ಹೆಚ್ಚಾಗಿ ಸಿಗೂದು ಕೆಟ್ಟವನ ಪಾತ್ರನ.

1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ಸತ್ಯ ಹರಿಶ್ಚಂದ್ರ ಬಂತು. ಡಾ. ರಾಜಕುಮಾರ್ ಹರಿಶ್ಚಂದ್ರ. ಶಂಕರ್ ಸುಡುಗಾಡು ಕಾಯುವ ವೀರಬಾಹು. ನೋಡಲು ಒರಟನಾದರೂ ವೀರಬಾಹು ಕೆಟ್ಟವನಲ್ಲ. ಮೇಲು ಕೀಳು ಎನ್ನುವವರನ್ನು ಹಾಡಿನಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಘಂಟಸಾಲ ಹಾಡಿದ ಆ ಹಾಡು ಈಗಲೂ ಜನಪ್ರಿಯ.

1974ರಲ್ಲಿ ಸಿದ್ದಲಿಂಗಯ್ಯನವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಭೂತಯ್ಯನ ಮಗ ಅಯ್ಯು ಚಿತ್ರ ಮಾಡಿದರು. ಅದರಲ್ಲಿ ಶಂಕರ್ ಅವರೇ ಭೂತಯ್ಯ. ಸಾಲ ಕೊಟ್ಟು ಬಡವರ ಹೊಲ ಮನಿ ನುಂಗುವ ಸಾಹುಕಾರ. ಅವನು ಸತ್ತಾಗ ಹೆಣ ಹೊರಲಿಕ್ಕೂ ಊರಿನವರು ಬರೂದಿಲ್ಲ. ನೋಡಿದವರಿಗೆ ಭೂತಯ್ಯನ ಮ್ಯಾಲೆ ಅಷ್ಟು ಸಿಟ್ಟು ಬರತೈತಿ.

ಆದರೆ ಪರದೆ ಮೇಲಿನ ಭೂತಯ್ಯ ಬೇರೆ, ಶಂಕರ್ ಅವರೇ ಬೇರೆ. 1973ರ ಗಂಧದ ಗುಡಿ ನಮಗೆಲ್ಲ ಗೊತ್ತು. ಕಾಡಿನ ಮರ ಕದಿಯುವವರನ್ನು ಅರಣ್ಯ ಅಧಿಕಾರಿ ತಡೆಯುವ ಕಥೆ ಅದು. ಆ ಚಿತ್ರದ ನಿರ್ಮಾಪಕರು ಇದೇ ಶಂಕರ್! ಕಾಡು ಉಳೀಬೇಕು ಅನ್ನೋ ಸಿನಿಮಾಕ್ಕೆ ರೊಕ್ಕ ಹಾಕಿದವರು ಕೆಟ್ಟವರು ಹೆಂಗ ಆಗತಾರ? ಅವರು 2008ರ ಜುಲೈ 17ರಂದು ಮೈಸೂರಿನಲ್ಲಿ ನಿಧನರಾದರು. ಆಗ ನಾವ್ಯಾರೂ ಹುಟ್ಟಿರಲಿಲ್ಲ.

ಇದನ್ನು ಬರೆಯಲು ಒಂದು ಕಾರಣ ಐತಿ. ಹೋದ ವರ್ಷ ಸ್ನೇಹ ಸಮ್ಮೇಳನದಲ್ಲಿ ನಾವು ಕಿತ್ತೂರು ಚೆನ್ನಮ್ಮನ ನಾಟಕ ಆಡಿದೆವು. ಮಲ್ಲಪ್ಪ ಶೆಟ್ಟಿಯ ಪಾತ್ರ ಮಾಡಿದ ನಮ್ಮ ಗೆಳೆಯ ಬಹಳ ಚಲೋ ಮಾಡಿದ. ಆದರೆ ಎಲ್ಲರೂ ಅವನನ್ನು ದ್ರೋಹಿ, ದ್ರೋಹಿ ಎಂದು ತಿಂಗಳುಗಟ್ಟಲೆ ಕಾಡಿಸಿದರು. ಈ ವರ್ಷ ಅವನು ನಾಟಕಕ್ಕೇ ಬರೂದಿಲ್ಲ ಅಂತಾನ. ಆ ಪಾತ್ರಕ್ಕೆ ಬೇರೆ ಯಾರೂ ಮುಂದೆ ಬರುತ್ತಿಲ್ಲ.

ಕುಸ್ತಿಯೊಳಗ ಒಬ್ಬನ ಬೆನ್ನು ಮಣ್ಣಿಗೆ ಹತ್ತಿದರೇನೇ ಇನ್ನೊಬ್ಬ ಗೆದ್ದಂಗ. ಮಲ್ಲಪ್ಪ ಶೆಟ್ಟಿ ಇಲ್ಲದಿದ್ದರೆ ಚೆನ್ನಮ್ಮನಿಗೆ ಏನು ಕಷ್ಟ ಬಂತೆಂದು ನೋಡಿದವರಿಗೆ ತಿಳಿಯುವುದು ಹೇಗೆ? ಅದಕ್ಕ ಈ ಸಲ ಆ ಪಾತ್ರಕ್ಕೆ ನಾನೇ ಗುರುಗಳ ಹತ್ತಿರ ಹೆಸರು ಕೊಟ್ಟಿದ್ದೇನೆ. ನಾಟಕ ನಡೆಯುವಾಗ ಎಷ್ಟು ಬೇಕಾದರೂ ಬೈಯಿರಿ. ಪರದೆ ಬಿದ್ದ ಮ್ಯಾಲೆ ಮಾತ್ರ ನನ್ನನ್ನು ನನ್ನ ಹೆಸರಿನಿಂದಲೇ ಕರೆಯಿರಿ. ನಮ್ಮ ಗೆಳೆಯನನ್ನೂ ಅವನ ಹೆಸರಿನಿಂದಲೇ ಕರೆಯಿರಿ.